ನಾಲ್ಕು ಮಣ ಕಬ್ಬಿಣ

ಕೊಡಲಿ ನನ್ನ ಕುತ್ತಿಗೆಯಿಂದ ಮೂರು ಬೆರಳು ದೂರದಲ್ಲಿ ನಿಂತಿತು.

ನಿಂತಿತು ಅಂದರೆ... ಗಾಳಿಯಲ್ಲಿ ನಿಂತಿತು! ಯಾರೂ ತಡೆದಿರಲಿಲ್ಲ. ಕಾವು ಹಿಡಿದ ಗಾದೆಪ್ಪ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒತ್ತುತ್ತಿದ್ದ. ಕೊಡಲಿ ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ.

ನಾನು ಕರೂರಿನ ಗದ್ದೆಯ ಬದುವಿನ ಮೇಲೆ ಅಂಗಾತ ಬಿದ್ದಿದ್ದೆ. ಎದೆಯ ಮೇಲೆ ಅವನ ಮೊಣಕಾಲು. ಬೆನ್ನ ಕೆಳಗೆ ಕೆಸರು. ಮಟಮಟ ಮಧ್ಯಾಹ್ನ.

"ಏನ್ಲೇ ಇದು!" ಎಂದ ಗಾದೆಪ್ಪ.

"ನನ್ನ ಯಾಕ ಕೇಳ್ತೀಲೇ? ಕೊಡ್ಲಿ ನಿಂದು."

ಆಗ ಕೊಡಲಿಯ ತಲೆ ಕಾವಿನಿಂದ ಕಿತ್ತುಕೊಂಡು ಹಾರಿತು. ನಾಲ್ಕು ಗದ್ದೆ ದಾಟಿ ದೂರದ ನೀರಿನಲ್ಲಿ ದುಡುಂ ಎಂದು ಬಿತ್ತು. ಗಾದೆಪ್ಪ ಕೈಯಲ್ಲಿ ಉಳಿದ ಬರೀ ಕೋಲನ್ನು ನೋಡಿದ. ನನ್ನ ಹಿಂದೆ ಗುಡಿಸಲಿನ ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ನೋಡಿದ. ಆಮೇಲೆ ಓಡಿದ ನೋಡಿ... ರುಮಾಲು ಒಂದು ಕಡೆ, ಕೆರ ಒಂದು ಕಡೆ! ಮಲಗಿದವನ ಕುತ್ತಿಗೆ ಕಡಿಯಲು ಬಂದ ಶೂರ, ಹದಿನೈದು ವರ್ಷದ ಹುಡುಗಿಗೆ ಹೆದರಿ ಓಡಿದ. ಥೂ!

ಬುಡದಿಂದ ಹೇಳುತ್ತೇನೆ, ಕೇಳಿ.

ನನ್ನ ಹೆಸರು ದುರುಗಪ್ಪ. ಬಳ್ಳಾರಿಯಲ್ಲಿ ಒಂಬತ್ತು ವರ್ಷ ದಫೇದಾರನಾಗಿದ್ದೆ. ಒಬ್ಬ ಇನ್ಸ್‌ಪೆಕ್ಟರನ ಕಪಾಳಕ್ಕೆ ಬಾರಿಸಿದೆ. ಡಿಸ್ಮಿಸ್! ಆಮೇಲೆ ಕಳೆದುಹೋದದ್ದನ್ನು ಹುಡುಕಿಕೊಡುವ ಕಸುಬು ಹಿಡಿದೆ. ಎತ್ತು, ಒಡವೆ, ಓಡಿಹೋದ ಗಂಡ... ಏನಾದರೂ ಸೈ. ಬೆಳಿಗ್ಗೆ ನನ್ನ ನೆರಳು ಬಿದ್ದರೆ ತಲೆಗೆ ನೀರು ಹಾಕಿಕೊಳ್ಳುವ ದೊಡ್ಡ ಮನುಷ್ಯರು ಸಂಜೆ ನನಗೇ ಹೇಳಿ ಕಳಿಸುತ್ತಿದ್ದರು, ಹಿತ್ತಲ ಬಾಗಿಲಿಗೆ ಬಾ ಅಂತ.

ಇಂಗ್ಲೆಂಡಿನ ಮಹಾರಾಣಿಯ ಎರಡನೆಯ ಜುಬಿಲಿ ನಡೆದ ವರ್ಷ. ಬ್ರೂಸ್‌ಪೇಟೆಯ ವಕೀಲ ಮಧುಸೂದನ ರಾಯರು ಹಾಗೆಯೇ ಹೇಳಿ ಕಳಿಸಿದರು. ಕಿವಿಗೆ ಬಟ್ಟೆ ಸುತ್ತಿಕೊಂಡು ಹಿತ್ತಲಲ್ಲಿ ನಿಂತಿದ್ದರು.

"ನಮ್ಮ ಅಣ್ಣನ ಮಗಳು ವೆಂಕೂಬಾಯಿ ಮನಿ ಬಿಟ್ಟು ಹೋಗ್ಯಾಳ. ಹುಡುಕು."

"ವಯಸ್ಸೆಷ್ಟು ರಾಯರ?"

"ಹನ್ನೊಂದು."

"ಪೊಲೀಸರಿಗೆ ಹೇಳೀರೇನ್ರಿ?"

"ಪೊಲೀಸು ಗಿಲೀಸು ಬ್ಯಾಡ!"

"ಗುರ್ತು?"

ರಾಯರು ದನಿ ತಗ್ಗಿಸಿದರು. "ಎತ್ತರ ಇದ್ದಾಳ. ನೋಡಿದವರು... ಹದಿನೈದು ಅಂತಾರ."

ನನಗೆ ತಿಳಿಯಿತು. ಅವರ ಜಾತಿಯಲ್ಲಿ ಹುಡುಗಿ ಮೈನೆರೆಯುವ ಮುಂಚೆ ಮದುವೆಯಾಗಬೇಕು. ಆಗದಿದ್ದರೆ ಇಡೀ ಮನೆಗೇ ಬಹಿಷ್ಕಾರ. ವೆಂಕೂಬಾಯಿಯ ಅಪ್ಪ ಅಮ್ಮ ಕಾಲರಾದಲ್ಲಿ ಹೋಗಿದ್ದರು. ಅನಾಥ ಹುಡುಗಿಗೆ ಗಂಡು ನೋಡುವಷ್ಟು ಪುರುಸೊತ್ತು ಕಾಕನಿಗೆ ಇರಲಿಲ್ಲ. ಹದಿಮೂರಕ್ಕೆ ಅವಳು ಮೈನೆರೆದಳು. ಆಗ ಈ ಮಹಾನುಭಾವ ಏನು ಮಾಡಿದ ಗೊತ್ತೇ? ಅವಳನ್ನು ಒಳಕೋಣೆಗೆ ತಳ್ಳಿ ಅಗಳಿ ಹಾಕಿದ! ಊರಿಗೆಲ್ಲ "ನಮ್ಮ ವೆಂಕೂಗೆ ಹನ್ನೊಂದು" ಎಂದ. ಮರುವರ್ಷವೂ ಹನ್ನೊಂದು. ಅದರ ಮರುವರ್ಷವೂ ಹನ್ನೊಂದು! ಸುಳ್ಳು ಸಾಕ್ಷಿ ಹೇಳುವವರನ್ನು ಕೋರ್ಟಿನಲ್ಲಿ ಬೇಕಾದಷ್ಟು ನೋಡಿದ್ದೆ. ಹುಡುಗಿಯ ವಯಸ್ಸನ್ನೇ ನಿಲ್ಲಿಸಿದ ವಕೀಲನನ್ನು ಅವತ್ತೇ ನೋಡಿದ್ದು.

ಹುಡುಕುವುದು ಕಷ್ಟವಾಗಲಿಲ್ಲ. ರಾಯರ ಸೋದರತ್ತೆ ತುಳಸಮ್ಮ, ಅದೇ ಮನೆಯಲ್ಲಿದ್ದ ಮಡಿ ಹೆಂಗಸು, ಹುಡುಗಿ ಕಾಣೆಯಾದ ದಿನವೇ ತುಂಗಭದ್ರೆಯ ಸ್ನಾನಕ್ಕೆಂದು ಸಿರುಗುಪ್ಪಕ್ಕೆ ಹೊರಟಿದ್ದರು. ಬಂಡಿ ಹೊಡೆದವನನ್ನು ಹಿಡಿದು ಕೇಳಿದೆ. ಸಿರುಗುಪ್ಪದಲ್ಲಿ ಮುದುಕಿ ಮೊದಲು ಬೈದರು, ಆಮೇಲೆ ಅತ್ತರು. "ಕೂಸನ್ನ ಮತ್ತ ಆ ಖೋಲಿಗೆ ಹಾಕಬ್ಯಾಡಪ್ಪಾ," ಎಂದು ಕರೂರಿನ ಗುಡಿಸಲಿನ ಗುರುತು ಹೇಳಿದರು.

ರಾಯರ ಹೊಲ ನೋಡಿಕೊಳ್ಳುವ ಗಾದೆಪ್ಪ ನನ್ನ ಹಿಂದೆಯೇ ಬರುತ್ತಿದ್ದದ್ದು ನನಗೆ ತಿಳಿಯಲಿಲ್ಲ. ಹುಡುಗಿಯನ್ನು ಮನೆಗೆ ಕರೆತರುವ ಮಾತೇ ಇರಲಿಲ್ಲ! ಅವಳನ್ನು ಮುಗಿಸಬೇಕು, ಅವಳ ವಯಸ್ಸು ತಿಳಿದ ನನ್ನನ್ನೂ ಮುಗಿಸಬೇಕು. ರಾಯರ ಸ್ವಂತ ಮಗಳ ಮದುವೆ ಮುಂದಿನ ತಿಂಗಳಿತ್ತು, ನೋಡಿ.

ಗಾದೆಪ್ಪ ಓಡಿದ ಮೇಲೆ ನಾನು ಎದ್ದು ಕೆಸರು ಒರೆಸಿಕೊಂಡೆ. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎರಡು ವರ್ಷ ಬಿಸಿಲು ಕಾಣದ ಮುಖ. ಆ ಬೆಳಕಿನಲ್ಲಿ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ.

"ಅದನ್ನ ಮಾಡಿದವರು ನೀವೇನ್ರಿ ಅವ್ವಾ?"

"ನಾ ಮಾಡ್ಲಿಲ್ರೀ! ನನ್ನ ಮೈಯಾಗ ದೆವ್ವದ ಗಾಳಿ ಹೊಕ್ಕದ!" ಎಂದು ಅತ್ತಳು. "ಖೋಲ್ಯಾಗ ಬರೇ ತಾಮ್ರ, ಹಿತ್ತಾಳಿ ಇದ್ವು. ಏನೂ ಆಗಿದ್ದಿಲ್ಲ. ಅವತ್ತು ತುಳಸತ್ತಿ ಈಳಿಗಿ ತಂದು ಕೊಟ್ರು, ಕಾಯಿಪಲ್ಯಾ ಹೆಚ್ಚಂತ. ಕಾಕಾ ಬಂದು 'ನೀ ಸತ್ತಿದ್ರ ಚಲೋ ಇತ್ತು' ಅಂದ್ರು. ನನಗ ಸಿಟ್ಟು ಬಂತು... ಈಳಿಗಿ ತಾನ ಎದ್ದು ಹೋಗಿ ಅವರ ಕಿವಿ ಕೊಯ್ತು!"

"ಮತ್ತ ಹೊರಗ ಹೆಂಗ ಬಂದ್ರಿ?"

"ಮರುದಿನ ಬಾಗಿಲದ ಕಬ್ಬಿಣದ ಅಗಳಿನೂ ತಾನ ಸರೀತು."

ನಾನು ಹೊಟ್ಟೆ ತುಂಬ ನಕ್ಕೆ. ಅವಳು ನಗಲಿಲ್ಲ.

"ಕುರುಗೋಡಾಗ ಉಚ್ಚಂಗೆಪ್ಪ ಅಂತ ಒಬ್ಬಾವ ಗಾಳಿ ಬಿಡಸ್ತಾನಂತ. ಕರಕೊಂಡು ಹೋಗ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಉಚ್ಚಂಗೆಪ್ಪ! ಅವನನ್ನು ನಾನೇ ಮೂರು ಸಲ ಲಾಕಪ್ಪಿಗೆ ಹಾಕಿದ್ದೆ. ನಿಂಬೆಹಣ್ಣಿನಲ್ಲಿ ಕುಂಕುಮದ ನೀರು ತುಂಬಿ ರಕ್ತ ಎಂದು ತೋರಿಸುವ ಹಲ್ಕಟ್. ಬೇಡವೆಂದೆ. ನಡೆದುಕೊಂಡಾದರೂ ಹೋಗುತ್ತೇನೆ ಎಂದಳು. ಬಂಡಿ ಕಟ್ಟಿದೆ.

ಸಿರಿಗೇರಿ ದಾಟಿದ್ದೆವು. ಹಿಂದೆ ಧೂಳೆದ್ದಿತು. ಮೂರು ಕುದುರೆ! ಮುಂದಿನದರ ಮೇಲೆ ಗಾದೆಪ್ಪ, ಎರಡರ ಮೇಲೆ ಬಾಡಿಗೆಯ ಪುಂಡರು. ಒಬ್ಬನ ಕೈಯಲ್ಲಿ ಬಂದೂಕು. ಢಂ! ಬಂಡಿಯ ತಟ್ಟಿ ಹರಿಯಿತು. ನನ್ನ ಎತ್ತುಗಳೋ, ಮದುವೆ ದಿಬ್ಬಣಕ್ಕೆ ಹೊರಟಂತೆ ನಡೆಯುತ್ತಿದ್ದವು.

"ಅವ್ವಾ, ಕುದುರಿ ಕಾಲಿಗೆ ಲಾಳ ಇರ್ತಾವ್ರಿ. ಕಬ್ಬಿಣದ್ದು."

"ಅದಕ್ಕ?"

"ಸುಮ್ನ ಒಮ್ಮಿ ನೋಡ್ರಿ."

ನೋಡಿದಳು.

ಹನ್ನೆರಡು ಲಾಳ ಮೊಳೆ ಸಮೇತ ಕಿತ್ತು ಹಾರಿದವು! ಬಂದೂಕಿನ ನಳಿಗೆ ಸೌತೆಕಾಯಿಯ ಹಾಗೆ ಬಾಗಿತು. ಕುದುರೆಗಳು ಮುಗ್ಗರಿಸಿದವು. ಗಾದೆಪ್ಪ ಜಾಲಿಯ ಪೊದೆಗೆ ತಲೆಕೆಳಗಾಗಿ ಹೋದ. ಅವನಿಗೆ ಅದು ತಕ್ಕ ಜಾಗ. ನಾನು "ಭಲೇ!" ಎಂದು ಕೂಗಿದೆ.

ಒಂದು ಕುದುರೆಯ ಕಾಲು ಮುರಿದಿತ್ತು. ಅದು ಅರಚುತ್ತಿತ್ತು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಬಂಡಿಯಲ್ಲಿ ಮುದುಡಿ ಕೂತಳು.

"ಮೂಕಪ್ರಾಣಿ ಏನು ಮಾಡಿತ್ತು? ನಾಳೆ ಯಾರನ್ನ ಕೊಲ್ತೀನೋ! ನನಗ ಇದು ಬ್ಯಾಡ... ತಗಸ್ರಿ ಇದನ್ನ!"

ಉಚ್ಚಂಗೆಪ್ಪ ಒಂದು ತೆಂಗಿನಕಾಯಿ ನಿವಾಳಿಸಲಿ, ಇವಳಿಗೆ ಸಮಾಧಾನವಾಗಲಿ, ಆಮೇಲೆ ಮುಂದಿನದನ್ನು ನೋಡೋಣ ಎಂದುಕೊಂಡೆ. ಒಂಬತ್ತು ವರ್ಷ ಪೊಲೀಸಿನಲ್ಲಿದ್ದವನ ಬುದ್ಧಿ ನೋಡಿ! ಗಾಳಿ ಹಿಡಿದವರನ್ನು ಈ ಸೀಮೆಯವರೆಲ್ಲ ಎಲ್ಲಿಗೆ ಒಯ್ಯುತ್ತಾರೆ ಎಂಬುದು ರಾಯರಿಗೂ ಗೊತ್ತಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಕುರುಗೋಡಿನ ಗುಡ್ಡದ ಕೆಳಗೆ, ಹಾಳು ಮಂಟಪದ ಮುಂದೆ ಬಂಡಿ ನಿಲ್ಲಿಸಿದೆ. ಪಕ್ಕದಲ್ಲೇ ಆಳವಾದ ಹೊಂಡ. ಇಳಿಯುತ್ತಿದ್ದಂತೆಯೇ ಹಿಂದಿನಿಂದ ಬಡಿಗೆಯ ಏಟು ಬಿತ್ತು. ಕಣ್ಣು ಬಿಟ್ಟಾಗ ಪುಂಡಿನಾರಿನ ಹಗ್ಗದಲ್ಲಿ ಕಲ್ಲುಕಂಬಕ್ಕೆ ಬಿಗಿಸಿಕೊಂಡಿದ್ದೆ. ನನ್ನ ಅದೃಷ್ಟ, ಹಗ್ಗದಲ್ಲಿ ಒಂದು ಗುಂಡುಸೂಜಿಯಷ್ಟೂ ಕಬ್ಬಿಣವಿರಲಿಲ್ಲ!

ಮಂಟಪದ ಒಳಗಿನಿಂದ ಮಧುಸೂದನ ರಾಯರು ಬಂದರು. ಪಟ್ಟೆಮಡಿ ಉಟ್ಟಿದ್ದರು. ಬಡಿಗೆ ಹಿಡಿದ ಆಳುಗಳ ಕಡೆ ಕೈ ಬೀಸಿದರು.

"ದೂರ... ದೂರ ಇರ್ರಿ. ನಾ ಮಡಿಯಾಗ ಇದ್ದೀನಿ."

ಕೊಲೆಗೂ ಮಡಿ! ಆ ಮುಖಕ್ಕೆ ಉಗುಳಬೇಕೆನಿಸಿತು. ಬಾಯಿ ಒಣಗಿತ್ತು.

"ಹುಡುಗೀನ ಏನು ಮಾಡ್ತೀರಿ ರಾಯರ?"

"ಗಾಳಿ ಬಿಡಸ್ತೀವಿ. ಉಚ್ಚಂಗೆಪ್ಪ ಸರಪಳಿ ಕಟ್ಟಿ ಹೊಂಡದಾಗ ಮುಳುಗಸ್ತಾನ. ಗಾಳಿ ಹೋದ್ರ ಹೋತು. ಜೀವ ಹೋದ್ರ..." ರಾಯರು ಕೈ ಝಾಡಿಸಿದರು. "ಗಾಳಿ ಒಯ್ತು ಅಂದ್ರಾತು. ಯಾವ ಕೋರ್ಟೂ ಕೇಳೂದಿಲ್ಲ."

ಉಚ್ಚಂಗೆಪ್ಪ ಕೆಲಸ ಶುರು ಮಾಡಿದ್ದ. ನಿಮಗೂ ಗೊತ್ತಿರಬೇಕು. ನಮ್ಮ ಕಡೆ ಬಾಣಂತಿಯ ಹಾಸಿಗೆಯ ಕೆಳಗೆ ಕುಡುಗೋಲು ಇಡುತ್ತಾರೆ, ಮೂರ್ಛೆ ಬಂದವರ ಕೈಗೆ ಬೀಗದ ಕೈ ಕೊಡುತ್ತಾರೆ. ಗಾಳಿ ಕಬ್ಬಿಣಕ್ಕೆ ಹೆದರುತ್ತದಂತೆ! ಈ ಪಂಡಿತ ಹುಡುಗಿಯ ಸುತ್ತ ನಾಲ್ಕು ಮೂಲೆಗೂ ಗೇಣುದ್ದದ ಮೊಳೆ ಬಡಿದ. ಕೈಗೆ ಕಬ್ಬಿಣದ ಕೀಲಿಕೈ ಕೊಟ್ಟ. ಎರಡು ಮಣದ ಸರಪಳಿಯನ್ನು ಅವಳ ಕಾಲಿಗೂ ಸೊಂಟಕ್ಕೂ ಸುತ್ತಿದ.

ನನಗೆ ನಗು ಬಂತು. ತಡೆದುಕೊಂಡೆ.

"ಉಚ್ಚಂಗೆಪ್ಪಾ, ಎರಡು ಮಣ ಸಾಲೂದಿಲ್ಲಲೇ! ನಾ ಕಣ್ಣಾರೆ ನೋಡೀನಿ. ಭಾಳ ದೊಡ್ಡ ಗಾಳಿ ಐತಿ."

"ನೀ ಸುಮ್ನ ಇರಲೇ!" ಎಂದ ಉಚ್ಚಂಗೆಪ್ಪ.

"ನನ್ನ ಮಾತು ಬ್ಯಾಡ. ರಾಯರ ಕಿವೀನ ಕೇಳು."

ರಾಯರ ಕೈ ಕಿವಿಗೆ ಹೋಯಿತು. "ಇನ್ನಷ್ಟು ತರಸು," ಎಂದರು ಮೆಲ್ಲಗೆ.

ಉಚ್ಚಂಗೆಪ್ಪನ ಆಳುಗಳು ಊರೊಳಗೆ ಓಡಿದರು. ನೇಗಿಲಿನ ಕುಳ ತಂದರು. ಹಾರೆ, ಕುಡುಗೋಲು, ಮುರಿದ ಬಂಡಿಯ ಅಚ್ಚು... ಒಟ್ಟು ನಾಲ್ಕು ಮಣ! ಎಲ್ಲವನ್ನೂ ತಮ್ಮ ಕೈಯಾರೆ ಅವಳ ಸುತ್ತ ಪೇರಿಸಿದರು. ವಕೀಲಿ ಓದಿದವನೊಬ್ಬ, ಮಂತ್ರ ಕಲಿತವನೊಬ್ಬ. ಇಬ್ಬರ ತಲೆಯನ್ನೂ ಸೇರಿಸಿ ಹಿಂಡಿದರೆ ಒಂದು ಹನಿ ಬುದ್ಧಿ ಬರುತ್ತಿರಲಿಲ್ಲ.

ಆದರೆ ಹುಡುಗಿ ಸುಮ್ಮನೆ ಕೂತಿದ್ದಳು! ಕಣ್ಣು ಮುಚ್ಚಿದ್ದಳು. ತುಟಿ ಮಾತ್ರ ಏನೋ ಸ್ತೋತ್ರ ಹೇಳುತ್ತಿತ್ತು. ಆಳುಗಳು ಅವಳನ್ನು ಎಳೆದರು. ಹೊಂಡದ ಅಂಚಿಗೆ ಇನ್ನು ಎರಡು ಮಾರು... ಒಂದು ಮಾರು...

ನನ್ನ ನಗು ಅಲ್ಲಿಗೆ ನಿಂತಿತು. ಹೆದರಿದೆ, ಸುಳ್ಳು ಯಾಕೆ ಹೇಳಲಿ. ಅವಳು ನಿಜವಾಗಿಯೂ ಸಾಯಲು ಒಪ್ಪಿಕೊಂಡಿದ್ದಳು.

"ವೆಂಕವ್ವಾ!" ಎಂದು ಒದರಿದೆ. "ನಿಮ್ಮ ಮೈಯಾಗ ಯಾವ ಗಾಳಿನೂ ಇಲ್ರೀ! ಅದು ನೀವ! ಕೊಡ್ಲಿ ತಡದಾವ್ರೂ ನೀವ, ನನ್ನ ಜೀವ ಉಳಿಸಿದಾವ್ರೂ ನೀವ! ಗಾಳಿ ಅಂತ, ಗಾಳಿ!"

"ಅವನ ಬಾಯಿ ಮುಚ್ಚಸ್ರಿ! ನೂಕ್ರಿ ಆಕೀನ!" ಎಂದರು ರಾಯರು.

ಹುಡುಗಿ ಕಣ್ಣು ಬಿಟ್ಟಳು.

ಮೊದಲು ಸರಪಳಿ ಸಡಿಲವಾಯಿತು. ಸರಸರನೆ ಸೊಂಟದಿಂದ ಬಿಚ್ಚಿಕೊಂಡು ಎದ್ದು ನಿಂತಿತು. ನಾಲ್ಕು ಮೊಳೆಗಳೂ ನೆಲದಿಂದ ಕಿತ್ತು ಬಂದವು. ಹಾರೆ, ಕುಳ, ಕುಡುಗೋಲು, ಅಚ್ಚು... ನಾಲ್ಕು ಮಣ ಕಬ್ಬಿಣವೂ ಗಾಳಿಗೆ ಏರಿತು! ಆಳುಗಳು ಅವ್ವಾ ಅಪ್ಪಾ ಎಂದು ಗುಡ್ಡದ ಕಡೆ ಓಡಿದರು. ಉಚ್ಚಂಗೆಪ್ಪ ತನ್ನ ತಾಯಿತಗಳನ್ನೆಲ್ಲ ಕಿತ್ತು ಎಸೆದು ತಾನೇ ಹೊಂಡಕ್ಕೆ ಹಾರಿದ.

ರಾಯರು ಪಟ್ಟೆಮಡಿ ಎತ್ತಿಕೊಂಡು ಓಡಲು ನೋಡಿದರು. ಸರಪಳಿ ಅವರನ್ನು ಎದುರಿನ ಕಂಬಕ್ಕೆ ಎಳೆದು ಸುತ್ತಿತು. ಒಂದು ಸುತ್ತು, ಎರಡು, ಏಳು! ನೇಗಿಲಿನ ಕುಳ ಬಂದು ಗಂಟಲ ಮುಂದೆ ನಿಂತಿತು. ಹುಡುಗಿಯ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಕಾಕಾ, ನನಗ ಎಷ್ಟು ವರ್ಷ?"

"ಹ... ಹನ್ನೊಂದು..."

ಕುಳ ಒಂದು ಬೆರಳು ಮುಂದೆ ಸರಿಯಿತು.

"ಎಷ್ಟು?"

"ಹದಿನೈದು! ಹದಿನೈದು ನಮ್ಮವ್ವಾ! ಬಿಡು, ನಿನ್ನ ಕಾಲಿಗೆ ಬೀಳ್ತೀನಿ!"

ಕುಳ ನಿಂತಲ್ಲೇ ನಡುಗಿತು.

"ಸಾಕು ಬಿಡ್ರಿ ಅವ್ವಾ," ಎಂದೆ. "ಕುದುರಿ ಸಂಬಂಧ ಅತ್ತಿರಲ್ಲ, ಇವನ್ನ ಕೊಂದು ಅಳೋದು ದಂಡ. ಅಷ್ಟು ಯೋಗ್ಯತಾ ಇಲ್ಲ."

ಸರಪಳಿ ಬಿಗಿದಂತೆಯೇ ಉಳಿಯಿತು, ಮಿಕ್ಕ ಕಬ್ಬಿಣವೆಲ್ಲ ದಡದಡನೆ ನೆಲಕ್ಕೆ ಬಿತ್ತು. ಒಂದು ಕುಡುಗೋಲು ಮಾತ್ರ ತೇಲಿ ಬಂದು ನನ್ನ ಹಗ್ಗ ಕೊಯ್ದಿತು. ಜೊತೆಗೆ ಮಣಿಕಟ್ಟನ್ನೂ ಸ್ವಲ್ಪ ಕೊಯ್ದಿತು. ಕಲಿಯುವ ಹುಡುಗಿ, ಇರಲಿ ಎಂದುಕೊಂಡೆ.

ಸದ್ದು ಕೇಳಿ ಊರು ಓಡಿ ಬಂತು. ಮುಂದೆ ಕರಣಿಕ ರಾಘಣ್ಣ. ಊರಿನ ಲೆಕ್ಕಪತ್ರ ಅವರ ಕೈಯಲ್ಲಿ, ಮೇಲಾಗಿ ರಾಯರು ನಡೆದುಕೊಳ್ಳುವ ಮಠಕ್ಕೇ ಸೇರಿದವರು. ಕಂಬಕ್ಕೆ ಸರಪಳಿ ಸುತ್ತಿಸಿಕೊಂಡ ರಾಯರನ್ನು ನೋಡಿ ಬಾಯಿ ಬಿಟ್ಟರು.

"ಏನ್ರಿ ರಾಯರ ಇದು! ಈ ಹುಡುಗಿ ಯಾರು? ನಿಮ್ಮ ಅಣ್ಣನ ಮಗಳೇನು?"

ರಾಯರು ಹುಡುಗಿಯನ್ನು ನೋಡಿದರು. ಎತ್ತರದ, ಬೆಳೆದ ಹುಡುಗಿ. ಹೌದೆಂದರೆ ಮಠದಿಂದ ಬಹಿಷ್ಕಾರ ಬಂತು, ಮಗಳ ಮದುವೆ ಹೋಯಿತು. ಆಗ ತಾನೇ ಗಂಟಲ ಮುಂದೆ ಸಾವು ಬಂದು ಹೋಗಿತ್ತು... ಬುದ್ಧಿ ಬಂತೇ? ಅವನ ತಲೆ!

"ಇಕಿನ್ನ ನಾ ಕಂಡೇ ಇಲ್ಲ! ನಮ್ಮ ವೆಂಕೂಗ ಇನ್ನೂ ಹನ್ನೊಂದು. ಬಳ್ಳಾರಿ ಮನ್ಯಾಗ ಅದಾಳ. ಇಕಿ ಯಾರೋ, ಎಲ್ಲಿಯಕ್ಕಿನೋ... ನಮಗೂ ಇಕಿಗೂ ಸಂಬಂಧ ಇಲ್ಲ!"

"ಬರಕೊಳ್ರಿ ಕರಣಿಕರ," ಎಂದೆ ತಕ್ಷಣ. "ಊರ ಮಂದಿ ಮುಂದ ಹೇಳ್ಯಾರ. ರಾಯರ ಸಹಿ ಆಗಲಿ, ನಿಮ್ಮ ಸಾಕ್ಷಿ ಆಗಲಿ."

ಕಾಗದ ಬಂತು. ಸರಪಳಿಯ ಸಂದಿನಿಂದ ಎರಡು ಬೆರಳು ಹೊರಗೆ ಹಾಕಿ ರಾಯರು ಸಹಿ ಮಾಡಿದರು. ಇನ್ನು ಈ ಜನ್ಮದಲ್ಲಿ ಆ ಹುಡುಗಿ ನನ್ನವಳು ಎಂದು ಯಾವ ಕೋರ್ಟಿನಲ್ಲೂ ಹೇಳುವ ಹಾಗಿಲ್ಲ. ಅದು ಅವರಿಗೂ ಹೊಳೆಯಿತು, ಶಾಯಿ ಒಣಗಿದ ಮೇಲೆ! ಹುಡುಗಿ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಕಾಕನ ಕಡೆ ತಿರುಗಿಯೂ ನೋಡಲಿಲ್ಲ. ಸರಪಳಿ ಕಡಿಯಲು ಕಮ್ಮಾರನಿಗೆ ಮೂರು ತಾಸು ಹಿಡಿಯಿತಂತೆ. ಅವನು ಮುಟ್ಟಿ ಮುಟ್ಟಿ ರಾಯರ ಮಡಿಯೂ ಹೋಯಿತಂತೆ.

ಐದನೆಯ ದಿನ ಬಳ್ಳಾರಿ ಸ್ಟೇಷನ್. ತುಳಸಮ್ಮನಿಗೂ ಇನ್ನು ಆ ಮನೆಯಿರಲಿಲ್ಲ. ಮದರಾಸಿನಲ್ಲಿ ಅವರ ತಂಗಿಯಿದ್ದರು, ಹುಡುಗಿಯರ ಸಾಲೆಯೂ ಇತ್ತು. ಇಬ್ಬರೂ ಹೊರಟಿದ್ದರು. ಗುಂತಕಲ್ಲಿನವರೆಗೆ ಕಾವಲಿಗೆ ನಾನೂ ಬರುತ್ತೇನೆಂದು ಟಿಕೆಟ್ ತೆಗೆದಿದ್ದೆ.

ರೈಲು ಬಂತು. ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಎಂಜಿನ್ನು, ಗಾಲಿ, ಕಂಬಿ... ಕಂಬಿ ಹೋಗಿ ಹೋಗಿ ಕಾಣದಾಗುವ ತನಕ ನೋಡಿದಳು.

"ದುರುಗಪ್ಪನವರ, ಇದಿಷ್ಟೂ ಕಬ್ಬಿಣಾನ ಏನ್ರಿ?"

"ಹೂಂ."

ಮೊದಲ ಸಲ ನಕ್ಕಳು.

ನಾನು ಟಿಕೆಟ್ ಹರಿದು ಹಾಕಿ, ಮನೆಗೆ ನಡೆದುಕೊಂಡು ಹೋದೆ.