ಫೋನಿನಲ್ಲಿ ಮುಚ್ಚಿದ ಖಾನಾವಳಿ

ಗುರೆಳ್ಳು ಹುರಿಯುವ ವಾಸನೆ ಬಂದರೆ ನಾನು ಈಗಲೂ ಏಳು ವರ್ಷದವಳಾಗುತ್ತೇನೆ. ಅವ್ವ ಚಟ್ನಿಪುಡಿಗೆ ಬಾಣಲೆ ಇಟ್ಟರೆ ಸಾಕು, ದಾಂಡೇಲಿಯ ಪೇಪರ್ ಮಿಲ್ಲಿನವರು ಯಾರನ್ನೂ ಕೇಳದೆ ನಮ್ಮ ಖಾನಾವಳಿಯ ಬಾಗಿಲಿಗೆ ಬರುತ್ತಿದ್ದರು. ಅವ್ವ ತೀರಿಕೊಂಡ ಮೇಲೆ, ಬಿ.ಎ. ಮುಗಿಸಿದ್ದ ನಾನು ರೊಟ್ಟಿ ಬಡಿಯಲು ಕೂತೆ. ಬೋರ್ಡು ಯಾವತ್ತೂ ಬೇಕಾಗಿರಲಿಲ್ಲ.

ಈ ಚಳಿಗಾಲ ಪ್ರವಾಸಿಗರು ಊಟಕ್ಕೆ ಬರುವುದು ಇದ್ದಕ್ಕಿದ್ದಂತೆ ನಿಂತಿತು. ಮೂರು ವಾರ ರೊಟ್ಟಿ ಉಳಿಯಿತು. ಜೊತೆಗೆ ದುಡಿಯುವ ಮಾಲವ್ವನಿಗೆ ‘ನಾಳೆಯಿಂದ ಬರಬೇಡ’ ಎನ್ನುವ ದಿನ ಹತ್ತಿರವಾಯಿತು. ಕೊನೆಗೆ ನೀರು ಕೇಳಲು ಬಂದ ಹುಡುಗಿಯೊಬ್ಬಳು ಫೋನ್ ತೋರಿಸಿದಳು. ಖಾನಾವಳಿಯ ಹೆಸರಿನ ಕೆಳಗೆ ಕೆಂಪಕ್ಷರ: ಶಾಶ್ವತವಾಗಿ ಮುಚ್ಚಿದೆ.

ಮೈ ಉರಿಯಿತು. ಒಲೆ ಉರಿಯುತ್ತಿದೆ, ನಾನು ನಿಂತಿದ್ದೇನೆ, ಮುಚ್ಚಿದೆ ಎನ್ನಲು ಇವರು ಯಾರು?

ಮಧ್ಯಾಹ್ನ ಪುಂಡಲೀಕ ಬಂದರು. ಮಿಲ್ಲಿನಿಂದ ನಿವೃತ್ತರಾಗಿ ಗಣೇಶಗುಡಿಯ ಹೋಮ್‌ಸ್ಟೇ ಒಂದರಲ್ಲಿ ಅತಿಥಿಗಳನ್ನು ನೋಡಿಕೊಳ್ಳುತ್ತಾರೆ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಅಷ್ಟು ದೂರದಿಂದ ದಿನವೂ ಬಸ್ಸಿನಲ್ಲಿ ಊಟಕ್ಕೆ ಬಂದು, ಉಂಡ ತಟ್ಟೆಯನ್ನು ತಾವೇ ತೊಳೆದಿಡುತ್ತಾರೆ. ನಾನು ಬೆನ್ನು ತಿರುಗಿಸಿದಾಗ ನನ್ನನ್ನು ನೋಡುತ್ತಾರೆ. ನನಗೆ ಐವತ್ತೆಂಟಾದರೂ ಅದು ಗೊತ್ತಾಗುತ್ತದೆ.

ವಿಷಯ ಹೇಳಿದೆ. ಅವರ ಕೈಯ ತುತ್ತು ನಡುವೆಯೇ ನಿಂತಿತು.

“ಅಮಾಸಿ ದಿನ ಫೋನಿನ್ಯಾಗ ಅದನ್ನ ನಾನ ಒತ್ತೇನ್ರಿ, ವಿದ್ಯಾವತಿ. ನೀವು ಅಮಾಸಿಗೆ ಬಾಗಲಾ ಹಾಕ್ತೀರಲ್ಲ, ನಮ್ಮ ಗೆಸ್ಟು ಬಿಸಲಾಗ ಬಂದು ಹಸದು ಹೋಗಬಾರ್ದಂತ. ಫೋನು ‘ಮುಚ್ಚೇತೇನು?’ ಅಂತು. ಹೌದಂದೆ. ಒಂದ ದಿನಕ್ಕ ಅನ್ಕೊಂಡಿದ್ದೆ.”

“ಒಂದ ಬೆರಳಿಲೆ ನಮ್ಮವ್ವನ ಒಲಿ ಆರಿಸಿದ್ರಲ್ರಿ! ಬಂದು ಬಾಗಲಾ ನೋಡ್ಲಿಕ್ಕೆ ಆ ಮಂದಿಗೆ ಕಾಲಿಲ್ಲೇನು?”

“ಈಗ ಯಾರೂ ದಾರಿ ಕೇಳಂಗಿಲ್ರಿ. ರಾಫ್ಟಿಂಗ್ ಮುಗಿಸಿ ಹೊಳಿ ದಂಡಿಗೆ ಕುಂತು ‘ಹತ್ರ ಜೋಳದ ರೊಟ್ಟಿ’ ಅಂತ ಹುಡುಕ್ತಾರ. ಫೋಟೋ, ಟೈಮು, ಬ್ಯಾರೆಯವರು ಬರ್ದದ್ದು ನೋಡಿ ಆಮ್ಯಾಲ ಏಳ್ತಾರ. ಅದರಾಗ ಇಲ್ಲಂದ್ರ ನಾವು ಇಲ್ಲ.”

“ಉಣ್ಣೂಕಿಂತ ಮೊದಲ ಸ್ಟಾರ್ ಎಣಿಸ್ತಾರೇನು? ಸರಿ ಮಾಡೂತನಕ ನಿಮಗ ಇಲ್ಲಿ ಊಟಿಲ್ಲ!”

ಅವರು ತಟ್ಟೆ ತೊಳೆದಿಟ್ಟು ಹೋದರು.

ಮರುದಿನ ಹಲಗೆ, ಬಣ್ಣದ ಡಬ್ಬಿ ಹಿಡಿದು ಬಂದರು. ತಪ್ಪು ತಿದ್ದಲು ಫೋನಿನ ಮ್ಯಾಪಿನವರಿಗೆ ಬೋರ್ಡಿನ ಫೋಟೋ ಬೇಕಂತೆ. ಬೋರ್ಡಿಲ್ಲದಿದ್ದರೆ ಮನುಷ್ಯರೂ ಇಲ್ಲವೇ ಎಂದು ಗೊಣಗಿದೆ. ಅವರು ಹಲಗೆಯ ಮೇಲೆ ಖಾನಾವಳಿಯ ಹೆಸರು ಬರೆದು, ‘ಅಮಾವಾಸ್ಯೆಗೆ ಮಾತ್ರ ರಜೆ’ ಎಂದು ದಪ್ಪಕ್ಷರದಲ್ಲಿ ಸೇರಿಸಿದರು. ರೊಟ್ಟಿ, ಒಲೆ, ಬಾಗಿಲು, ಎಲ್ಲದರ ಫೋಟೋ ಕಳಿಸಿದರು. ಆಮೇಲೆ ದಿನವೂ ಕಟ್ಟೆಯ ಮೇಲೆ ಬಿಸ್ಕೀಟು ತಿನ್ನುತ್ತ ಉತ್ತರಕ್ಕಾಗಿ ಕಾದರು.

“ಅಕ್ಕಾರ, ಅವರು ಫೋನ್ ನೋಡೂದು ಕಮ್ಮಿ, ಒಳಗ ನೋಡೂದ ಭಾಳ” ಎಂದು ಮಾಲವ್ವ ನಕ್ಕಳು.

ಹೊರಗೆ ಹೋಗಿ ಗದರಿದೆ. “ಬಿಸ್ಕೀಟು ತಿಂದು ಯಾಕ ಒಣಗ್ತೀರಿ? ಬ್ಯಾರೆ ಖಾನಾವಳಿ ಇಲ್ಲೇನು?”

“ಅದಾವ್ರಿ. ಅಲ್ಲಿ ನೀವಿಲ್ಲ.” ಅವರು ಹೊಸ ಬೋರ್ಡನ್ನೇ ನೋಡುತ್ತಿದ್ದರು. “ಬರೇ ಊಟಕ್ಕ ಗಣೇಶಗುಡಿಯಿಂದ ಯಾರು ದಿನಾ ಬಸ್ ಹತ್ತತಾರ?”

ಬೈಯಲು ಬಾಯಿ ತೆರೆದೆ. ಬೈಯದೆ ಒಳಗೆ ಹೋಗಿ ಹಿಟ್ಟು ನಾದತೊಡಗಿದೆ.

ಏಳನೆಯ ದಿನ ಫೋನಿನಲ್ಲಿ ‘ಈಗ ತೆರೆದಿದೆ’ ಎಂದು ಬಂತು. ಮಧ್ಯಾಹ್ನಕ್ಕೆ ಎರಡು ಜೀಪು ಜನ. ಮಾಲವ್ವ ರೊಟ್ಟಿ ಬಡಿದಳು, ನಾನು ಬಡಿಸಿದೆ. ನಾಲ್ಕು ಗಂಟೆಗೆ ಕೊನೆಯವರು ಎದ್ದು ಹೋದಾಗ ಗೋಡೆಗೆ ಒರಗಿ ಕೂತೆ.

ಪುಂಡಲೀಕ ಕಟ್ಟೆಯಿಂದ ಎದ್ದು ಅಡುಗೆಮನೆಗೆ ಹೋದರು. ಒಂದೇ ತಟ್ಟೆ ತೆಗೆದು, ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಾಕಿ, ಪಕ್ಕದಲ್ಲಿ ಮೊಸರು ಬಿಟ್ಟರು. ಅವರೇ ಇನ್ನೂ ಉಂಡಿರಲಿಲ್ಲ. ಬಂದು, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.