ಶಿರಾ ಮುಟ್ಟದೆ ಹೋದವನು

ಚಾಪೆಯ ಮೇಲೆ ಕುಳಿತ ದಾನೇಶ್ವರಿ ಮೆಲ್ಲಗೆ ತಲೆಯೆತ್ತಿದಳು. ಎದುರಿಗಿದ್ದ ವರನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಎದೆ ಒಮ್ಮೆ ಝಲ್ಲೆಂದಿತು... ಆಮೇಲೆ ಅವಳು ಗೋಡೆಗೆ ಒರಗಿ ನಿದ್ದೆ ಹೋದಳು.

ಹೌದು, ನಿದ್ದೆಯೇ! ಸಿಂಧನೂರಿನ ಆಸ್ಪತ್ರೆಯೊಂದರ ನರ್ಸ್ ಅವಳು. ರಾತ್ರಿ ಪಾಳಿ ಮುಗಿಸಿ, ಮೊದಲ ಬಸ್ಸಿಗೆ ಮಸ್ಕಿಯ ಮನೆಗೆ ಬಂದು, ಸೀರೆ ಸುತ್ತಿಕೊಂಡು ಕೂತಿದ್ದಳು. ಕನ್ಯೆ ನೋಡುವ ಶಾಸ್ತ್ರವಿದೆ ಎಂದು ನಿದ್ದೆ ಕಾಯುತ್ತದೆಯೇ?

ಎಚ್ಚರವಾದಾಗ ಮಧ್ಯಾಹ್ನ. ಯಾರೋ ಕೌದಿ ಹೊದಿಸಿದ್ದರು. ಬಂದವರಿಗೆ ಕೊಟ್ಟ ಸಿಹಿ ಶಿರಾದ ತಟ್ಟೆಗಳು ಇಟ್ಟಲ್ಲೇ ಇದ್ದವು. ಅವ್ವ ಕಸ್ತೂರೆಮ್ಮ ಒಳಗಿನಿಂದ ಬರುವಷ್ಟರಲ್ಲಿ ವರನ ಕಡೆಯವರು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದರಂತೆ.

ಹುಡುಗಿ ಒಪ್ಪಿಗೆಯಾದರೆ ಬಾಯಿ ಸಿಹಿ ಮಾಡಿಕೊಳ್ಳುವುದು, ಇಲ್ಲದಿದ್ದರೆ ಮುಟ್ಟದೆ ಏಳುವುದು, ಅವರ ಮನೆತನಗಳ ಪದ್ಧತಿ. ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮದುವೆಯಾದ ಮೇಲೂ ಓದಲು ಬಿಡುತ್ತೀರಾ ಎಂದು ಅವನನ್ನು ಕೇಳಬೇಕೆಂದಿದ್ದಳು. ಅದೂ ಕೇಳದೇ ಉಳಿಯಿತು. ‘ಒಮ್ಮೆ ನೋಡಿದವನಿಗಾಗಿ ಇಷ್ಟು ಸಂಕಟ ಯಾಕೆ?’ ಉತ್ತರ ಹುಡುಕಲೂ ಅವಳಿಗೆ ಸುಸ್ತು...

ಮದುವೆ ತಪ್ಪಿತು, ಓದಾದರೂ ಸಿಗಲಿ. ಕೆಲವು ದಿನಗಳ ಮೇಲೆ ಸಿಂಧನೂರಿನ ಕಾಲೇಜೊಂದರಲ್ಲಿ ಆರೋಗ್ಯ ಕ್ಷೇತ್ರದ ಸ್ನಾತಕೋತ್ತರ ಕೋರ್ಸುಗಳ ಮಾಹಿತಿ ಸಭೆಯಿತ್ತು. ಹೋಗಿ ಕೂತರೆ ಪಕ್ಕದ ಕುರ್ಚಿಯಲ್ಲಿ ಅವನೇ! ಸಿದ್ದಲಿಂಗೇಶ. ಲಿಂಗಸುಗೂರಿನ ಆಸ್ಪತ್ರೆಯೊಂದರ ಆಫೀಸಿನಲ್ಲಿ ಕೆಲಸ. ಆಸ್ಪತ್ರೆ ಆಡಳಿತದ ಎಂ.ಎಚ್.ಎ. ಬಗ್ಗೆ ವಿಚಾರಿಸಲು ಬಂದಿದ್ದ.

ಸಭೆ ಮುಗಿದ ಮೇಲೆ ಹೊರಗೆ ಅವನೇ ಮಾತಾಡಿಸಿದ. ಅವಳಿಗೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ.

“ಶಿರಾ ಮುಟ್ಟಲಾರದ ಹೋದವ್ರು ಈಗ್ಯಾಕ ಮಾತಾಡಸ್ತೀರಿ?”

ಅವನು ತಬ್ಬಿಬ್ಬಾದ. “ತಾಟಿನ ಸಪ್ಪಳಕ್ಕ ನಿಮಗ ಎಚ್ಚರಾದೀತು ಅಂತ ಎಲ್ಲಾರನ್ನೂ ಎಬ್ಬಿಸ್ಕೊಂಡು ಹೋದೆ, ಪದ್ಧತಿ ನೆನಪಾಗಲಿಲ್ಲ. ಕೌದಿ ಹೊಚ್ಚು ಅಂತ ನಮ್ಮಕ್ಕಗ ಹೇಳಿದಾಂವನೂ ನಾನ. ನೀವು ನಿದ್ದಿ ಹೋಗಿದ್ದು ನೋಡಿ, ನಾನ ನಿಮಗ ಸೇರಿಲ್ಲ ಅಂತ ನಮ್ಮನ್ಯಾಗ ತಿಳಕೊಂಡಾರ.”

ದಾನೇಶ್ವರಿಯ ಕಣ್ಣು ತುಂಬಿತು. ಅವನು ಮಾತು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ನೀವೂ ಆಡಳಿತದ ಕೋರ್ಸೇ ಹಿಡಿಯಿರಿ, ಊರಲ್ಲೇ ಇದ್ದು ಓದಬಹುದು, ಮುಂದೆ ಕೂತು ಮಾಡುವ ಕೆಲಸ ಎಂದುಬಿಟ್ಟ ಪುಣ್ಯಾತ್ಮ. ಅವಳಿಗೆ ಬೇಕಿದ್ದುದು ಸಾರ್ವಜನಿಕ ಆರೋಗ್ಯದ ಎಂ.ಪಿ.ಎಚ್. ಅದಕ್ಕೆ ಎರಡು ವರ್ಷ ದೂರದ ಊರಲ್ಲಿರಬೇಕು.

“ಒಂದ ಓಣಿ ಮಕ್ಳು, ಅದ ನೀರು ಕುಡದು, ಅದ ವಾಂತಿಭೇದಿ ಹಚ್ಗೊಂಡು ಬರ್ತಾವ. ಸಲೈನ್ ಹಚ್ಚಿ ಹಚ್ಚಿ ಸಾಕಾಗೇತ್ರಿ. ನಾ ದಣದಿದ್ದು ಕೆಲಸಕ್ಕಲ್ಲ. ಅವು ಮತ್ತ ಬರ್ತಾವಲ್ಲ, ಅದಕ್ಕ. ಬರಲಾರದಂಗ ಮಾಡೋದು ನಾ ಕಲೀಬೇಕು.”

ಅವನು ಕೈಯಲ್ಲಿದ್ದ ಕೋರ್ಸಿನ ಕಾಗದ ನೋಡುತ್ತ ನಿಂತ. ‘ಇವನೂ ಎಲ್ಲರಂತೆಯೇ...’ ಅವಳು ಬಸ್‌ಸ್ಟ್ಯಾಂಡಿನ ಕಡೆ ಕಾಲೆಳೆಯುತ್ತ ಹೊರಟಳು. ಅವನು ಹಿಂದೆಯೇ ಬಂದ.

“ನಿಮ್ಮನ್ನ ಒಂದೀಟು ಕುಂದರಸಬೇಕು ಅನ್ನೋದ ತಲ್ಯಾಗಿತ್ತು. ನಿಮಗೇನು ಬೇಕಂತ ಕೇಳಲಿಲ್ಲ, ತಪ್ಪಾತು. ಹೋಗಿ ಓದ್ರಿ. ನೀವು ಬರೂತನಕ ಕಾಯ್ತೀನಿ. ಮನ್ಯಾಗ ನಾ ಹೇಳ್ತೀನಿ.”

ಅವಳು ಬಯಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಆದರೆ ಪರವೂರಿನ ಖಾಲಿ ಕೋಣೆಗೆ ಒಬ್ಬಳೇ ಮರಳುವ ಸಂಜೆಗಳು ಕಣ್ಣಿಗೆ ಕಟ್ಟಿ, ಇವನು ಬೇಕು ಎಂದು ಅವಳ ಮನಸ್ಸು ನೇರವಾಗಿಯೇ ಹೇಳಿತು.

“ಕಾಯೋದು ಬ್ಯಾಡ್ರಿ.”

ಅವನ ಮುಖ ಸಣ್ಣದಾಯಿತು.

“ನಿಮ್ಮನ್ನ ಮದುವಿ ಆಗೇ ಹೋಗ್ತೀನಿ. ಸಾಕಾಗಿ ಬಂದ ಸಂಜಿಗೆ, ಇವತ್ತು ನನ್ನ ಕಡಿಂದ ಆಗವಲ್ದು ಅಂತ ಹೇಳಾಕ ಒಬ್ರು ಬೇಕು.”

“ಅವಾಗ ನಾ ಏನನ್ಬೇಕು?”

“ಏನೂ ಅನಬ್ಯಾಡ್ರಿ. ಫೋನ್ ಇಡಬ್ಯಾಡ್ರಿ, ಅಷ್ಟ.”