ಹಿಡಿಗೆ ಅಂಟಿದ ಕುಂಕುಮ

"ಪೆಟ್ಟಿಗೆ ಎಲ್ಲಿ?" ಎದೆ ಒತ್ತುವುದನ್ನು ನಿಲ್ಲಿಸದೆ ಭಾನುಪ್ರಿಯಾ ಕೇಳಿದಳು.

ಸುನಿಲ್‌ಕುಮಾರ್ ಬರಿಗೈಯಲ್ಲಿ ಓಡಿ ಬಂದಿದ್ದ. "ಗೂಡು ಖಾಲಿ ಸಿಸ್ಟರ್. ಬೆಳಿಗ್ಗೆ ಇತ್ತು, ನಾನೇ ನೋಡಿದೀನಿ."

ಅವಳು ತಲೆ ಎತ್ತಲಿಲ್ಲ. ಅಂಗೈ ಕೆಳಗೆ ಅರ್ಪಿತಳ ಕಬಡ್ಡಿ ಜೆರ್ಸಿ ಇನ್ನೂ ಬೆವರಿನಿಂದ ಬೆಚ್ಚಗಿತ್ತು. ರೇಡ್ ಮುಗಿಸಿ ಗೆರೆ ಮುಟ್ಟಿ ನಗುತ್ತ ಎದ್ದವಳು ಹಾಗೇ ಕುಸಿದಿದ್ದಳು. ದೇವನಹಳ್ಳಿಯಿಂದ ಆಂಬುಲೆನ್ಸ್ ಬರುವಷ್ಟರಲ್ಲಿ ಭಾನುಪ್ರಿಯಾಳ ತೋಳುಗಳಲ್ಲಿ ಕಸುವು ಉಳಿದಿರಲಿಲ್ಲ. ಬಂದವರು ಅವಳ ಭುಜ ಮುಟ್ಟಿ, ಸಾಕು ಸಿಸ್ಟರ್, ಎಂದರು. ಅವಳು ಮತ್ತೂ ಒತ್ತುತ್ತಲೇ ಇದ್ದಳು. ಕೊನೆಗೆ ಇಬ್ಬರು ಸೇರಿ ಅವಳನ್ನು ಎಬ್ಬಿಸಬೇಕಾಯಿತು.

ಕುಂದಾಣದ ಆಚೆಗಿನ ಆ ವಿಶ್ವವಿದ್ಯಾಲಯಕ್ಕೆಲ್ಲ ಭಾನುಪ್ರಿಯಾ ಒಬ್ಬಳೇ ನರ್ಸ್. ಅವಳು ಕೇಳಿದ ಪೆಟ್ಟಿಗೆ, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಟ್ಟು ದಾರಿಗೆ ತರುವ ಪುಟ್ಟ ಯಂತ್ರ. ಕ್ರೀಡಾಂಗಣ, ಗ್ರಂಥಾಲಯ, ಆಡಳಿತ ಕಟ್ಟಡ, ಮೂರು ಕಡೆಯೂ ಗೋಡೆಗೆ ಗಾಜಿನ ಬಾಗಿಲಿನ ಗೂಡು ಕೂರಿಸಿ ಒಂದೊಂದು ಯಂತ್ರ ಇಡಲಾಗಿದೆ ಎಂದು ಕುಲಸಚಿವ ಗೋವಿಂದರಾಜು ತಪಾಸಣಾ ಸಮಿತಿಗೆ ತೋರಿಸಿದ್ದರು. ಸಮಿತಿ ಬಂದು ಸುತ್ತಾಡಿದ್ದು ಅರ್ಪಿತ ಸತ್ತ ದಿನವೇ. ಮರುದಿನ ನೋಡಿದರೆ ಕ್ರೀಡಾಂಗಣದ ಗೂಡಿನಲ್ಲಿ ಯಂತ್ರ ಏನೂ ಆಗದ ಹಾಗೆ ಕೂತಿತ್ತು. ಯಾರೋ ತೆಗೆದಿದ್ದಾರೆ, ಹೆದರಿ ತಂದಿಟ್ಟಿದ್ದಾರೆ ಎಂದು ಎಲ್ಲರೂ ಮಾತಾಡಿಕೊಂಡರು. ಗೂಡಿನ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಬ್ಬರು ಕುಲಸಚಿವರು, ಇನ್ನೊಬ್ಬಳು ಭಾನುಪ್ರಿಯಾ. ಆಪಾದನೆಯ ಕಾಗದ ಬಂದದ್ದು ಭಾನುಪ್ರಿಯಾಳ ಹೆಸರಿಗೆ.

ಆ ಕಾಗದ ಹಿಡಿದುಕೊಂಡು ಅವಳು ಹೋಗಿ ಕೂತದ್ದು ಮುನಿರತ್ನಮ್ಮನ ಕೋಣೆಯಲ್ಲಿ. ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಮುನಿರತ್ನಮ್ಮ ಹುಡುಗಿಯರ ಹಾಸ್ಟೆಲಿನ ವಾರ್ಡನ್ನು. ಕ್ಯಾಂಪಸ್ಸಿನಲ್ಲಿ ಏನು ಕಳೆದರೂ ಜನ ಕಚೇರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಹಾಗೆ ಶುರುವಾದ ಪ್ರತಿಯೊಂದು ಹುಡುಕಾಟದಲ್ಲೂ ಭಾನುಪ್ರಿಯಾ ಅವರ ಬೆನ್ನಿಗೇ ಇರುತ್ತಿದ್ದಳು. ಈ ಸಲ ಮಾತ್ರ ಆಪಾದಿತೆಯೂ ಅವಳೇ. ಕೆಲಸ ಹೋಗುವುದು ಒಂದು ಕಡೆ ಇರಲಿ. ಗೂಡಿಗೆ ಬೀಗ ಹಾಕಲು ಮರೆತೆನೇ, ನನ್ನಿಂದಲೇ ಹುಡುಗಿ ಸತ್ತಳೇ ಎಂಬ ಪ್ರಶ್ನೆ ಅವಳನ್ನು ಉಣ್ಣಲು ಬಿಡುತ್ತಿರಲಿಲ್ಲ.

ಮುನಿರತ್ನಮ್ಮ ಚಕ್ಕೋತದ ಸಿಪ್ಪೆ ಸುಲಿಯುತ್ತ ಅವಳ ಮಾತು ಕೇಳುತ್ತಿದ್ದಾಗ ಕೆಂಪರಾಜು ಬಾಗಿಲಲ್ಲಿ ಬಂದು ನಿಂತ. ಕ್ಯಾಂಪಸ್ಸಿನ ಬ್ಯಾಟರಿ ಗಾಡಿ ಓಡಿಸುವವನು, ಅರ್ಪಿತಳ ಅಪ್ಪ. ತಲೆ ಬೋಳಿಸಿದ್ದ. ಕೂರು ಎಂದರೂ ಕೂರಲಿಲ್ಲ.

"ಅಮ್ಮಾ, ಸಿಸ್ಟರಮ್ಮ ತಗೊಂಡಿಲ್ಲ ಅಂತ ನಂಗೊತ್ತು. ಯಾರು ತಗೊಂಡ್ರು ಅಂತ ಒಂದ್ ಹೆಸರು ಹೇಳ್ಬಿಡಿ, ಸಾಕು. ನಾನೇನೂ ಮಾಡಲ್ಲ. ಅವನ ಮುಖ ನೋಡ್ಬೇಕು ಅಷ್ಟೇ."

ಆವತ್ತು ನೀನೆಲ್ಲಿದ್ದೆ ಎಂದು ಮುನಿರತ್ನಮ್ಮ ಕೇಳಿದರು.

"ಹೂವಿನ ಬುಟ್ಟಿ ಸಾಗಿಸ್ತಿದ್ದೆ. ಸಮಿತಿಯೋರಿಗಿಂತ ಮುಂಚೆ ಹೋಗಿ ಒಂದೊಂದು ಕಟ್ಟಡದ ಬಾಗಿಲಲ್ಲಿ ಬೊಕ್ಕೆ ಕೊಡ್ಬೇಕು. ರಿಜಿಸ್ಟ್ರಾರ್ ಸಾರು ಪಕ್ಕದಲ್ಲೇ ಕೂತಿದ್ರು. ಬುಟ್ಟಿ ಒಳ್ಳೆ ಭಾರ. ಏನ್ ಸಾರ್, ಗುಲಾಬಿ ಜೊತೆ ಬುಡಾನೂ ಕಿತ್ಕೊಂಡ್ ಬಂದಿದೀರಾ ಅಂತ ತಮಾಷೆ ಮಾಡ್ದೆ. ನಕ್ರು." ಅವನು ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಕ್ರೀಡಾಂಗಣದಿಂದ ಹೊರಟಾಗ ನನ್ನ ಮಗಳು ಮೆಟ್ಟಿಲ ಮೇಲಿಂದ ಕೈ ಬೀಸಿದ್ಲು. ಗಾಡಿ ನಿಲ್ಲಿಸ್ಲಿಲ್ಲ."

ವಿಮಾನವೊಂದು ಛಾವಣಿಗೆ ತಾಗುವಷ್ಟು ಕೆಳಗೆ ಹಾರಿ ಹೋಯಿತು. ಅದರ ಸದ್ದು ಅಡಗಿದ ಮೇಲೆ, ಹೆಸರು ಸಿಕ್ಕಿದರೆ ಹೇಳುತ್ತೇನೆ ಎಂದು ಮುನಿರತ್ನಮ್ಮ ಮಾತು ಕೊಟ್ಟರು.

ಮೊದಲು ಮುನಿರತ್ನಮ್ಮ, ಭಾನುಪ್ರಿಯಾ ಇಬ್ಬರೂ ಕ್ರೀಡಾಂಗಣಕ್ಕೆ ಹೋದರು. ಕ್ರೀಡಾ ಬೋಧಕ ಸುನಿಲ್‌ಕುಮಾರ್ ತನ್ನ ಮಾತು ಬದಲಿಸಲಿಲ್ಲ. ಸಮಿತಿಯವರು ಬಂದಾಗ ಯಂತ್ರ ಗೂಡಿನಲ್ಲಿತ್ತು. ಅದರ ಹಿಡಿ ಮೇಲೆ ಕೆಂಪಗೆ ಕಲೆಯಿತ್ತು. ಯಾವನೋ ಗುಟ್ಕಾ ಕೈಯಲ್ಲಿ ಮುಟ್ಟಿದ್ದಾನೆ ಎಂದು ಹುಡುಗರನ್ನು ಬೈದದ್ದೂ ಅವನಿಗೆ ನೆನಪಿತ್ತು. ಆಮೇಲೆ ಸಮಿತಿಯವರ ಜೊತೆ ಚಹಾಕ್ಕೆಂದು ಮಹಡಿಗೆ ಹೋದ. ಕೆಳಗೆ ವ್ಯವಸ್ಥೆ ನೋಡಿಕೊಳ್ಳಲು ಉಳಿದವರು ಕುಲಸಚಿವರೊಬ್ಬರೇ.

ಭಾನುಪ್ರಿಯಾ ತನ್ನ ಬಳಿಯಿದ್ದ ಬೀಗದ ಕೈಯಿಂದ ಗೂಡು ತೆರೆದಳು. ಯಂತ್ರದ ಹಿಡಿ ಬೆಳ್ಳಗಿತ್ತು, ಅಂಗಡಿಯಿಂದ ಈಗಷ್ಟೇ ಬಂದ ಹಾಗೆ.

ಅವಳಿಗೆ ಆಯುಧಪೂಜೆ ನೆನಪಾಯಿತು. ಆವತ್ತು ಆರೋಗ್ಯ ಕೇಂದ್ರದ ಮೇಜಿನ ಮೇಲೆ ಬಿಪಿ ನೋಡುವ ಯಂತ್ರ, ಕತ್ತರಿ, ಆಮ್ಲಜನಕದ ಸಿಲಿಂಡರ್ ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿದ್ದಳು. ಹುಡುಗರಿಗೆ ತರಬೇತಿ ಕೊಡಲೆಂದು ಬಂದಿದ್ದ ಒಂದು ಶಾಕ್ ಯಂತ್ರವೂ ಆ ಸಾಲಿನಲ್ಲಿತ್ತು. ಎಂದೂ ಬೇಕಾಗದಿರಲಿ ತಾಯಿ ಎಂದು ಬೇಡಿಕೊಂಡು ಹಿಡಿಗೆ ಕುಂಕುಮ ಇಟ್ಟಿದ್ದಳು. ಒದ್ದೆ ಕುಂಕುಮ ರಬ್ಬರಿನ ಗೆರೆಗಳಿಗೆ ಇಳಿದು, ಸ್ಪಿರಿಟ್ ಹಾಕಿ ಉಜ್ಜಿದರೂ ಹೋಗಲಿಲ್ಲ. ಹಬ್ಬ ಕಳೆದ ಮೇಲೆ, ಉಳಿದೆರಡರ ಜೊತೆ ಗೂಡಿಗೆ ಇಡುತ್ತೇವೆ ಎಂದು ಕಚೇರಿಯವರು ಅದನ್ನು ತೆಗೆದುಕೊಂಡು ಹೋಗಿದ್ದರು. ಆ ಉಳಿದೆರಡನ್ನು ಅವಳು ಕಣ್ಣಾರೆ ಕಂಡಿರಲಿಲ್ಲ.

ಗ್ರಂಥಪಾಲಕಿ ಯಶಸ್ವಿನಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸಮಿತಿಯವರು ಗ್ರಂಥಾಲಯದಲ್ಲಿ ಯಂತ್ರವನ್ನು ನೋಡಿ ಮೆಚ್ಚಿದರು. ಅದರ ಹಿಡಿಗೆ ಕುಂಕುಮವಿತ್ತು. ಪೂಜೆ ಮಾಡಿ ಇಟ್ಟಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು. ಕ್ರೀಡಾಂಗಣದಲ್ಲಿ ಹುಡುಗಿ ಬಿದ್ದ ಸುದ್ದಿ ಬಂದದ್ದು ಅದೇ ಹೊತ್ತಿಗೆ. ಈಗ ಗ್ರಂಥಾಲಯದ ಗೂಡಿನಲ್ಲಿದ್ದ ಯಂತ್ರದ ಹಿಡಿಯೂ ಬೆಳ್ಳಗಿತ್ತು.

ಕುಂಕುಮ ಅವರಿಗೆ ಸಿಕ್ಕಿದ್ದು ಆಡಳಿತ ಕಟ್ಟಡದಲ್ಲಿ. ಹಿಡಿಯ ಸಂದಿನಲ್ಲಿ ಒಣಗಿದ ಗುಲಾಬಿ ಎಸಳೊಂದು ಸಿಕ್ಕಿಕೊಂಡಿತ್ತು. ಮುನಿರತ್ನಮ್ಮ ಅದನ್ನು ಉಗುರಿನಿಂದ ಬಿಡಿಸಿ ಕರವಸ್ತ್ರದಲ್ಲಿ ಇಟ್ಟುಕೊಂಡರು. ಭಾನುಪ್ರಿಯಾಳಿಗೆ ಎಲ್ಲವೂ ತಿಳಿಯಿತು. ತನ್ನ ಮೇಲಿನ ಭಾರ ಇಳಿಯಿತೆಂದು ಅನ್ನಿಸಿದ ಕ್ಷಣದಲ್ಲೇ ಆ ಭಾರ ಯಾರ ತಲೆ ಮೇಲೆ ಹೋಗಿ ಕೂರುತ್ತದೆ ಎಂಬುದೂ ಕಂಡಿತು. ಅವಳು ಗೋಡೆಗೆ ಒರಗಿಕೊಂಡಳು.

"ಅಕ್ಕ, ಬುಟ್ಟಿ ವಿಷಯ ಹೇಳ್ಬೇಡಿ. ನನ್ನ ಕೆಲಸ ಹೋದ್ರೆ ಹೋಗ್ಲಿ."

"ಹೆಸರು ಕೇಳಿದ್ದು ಅವನೇ ಕಣೆ."

"ಒಂದು ಹೆಸರು ಕೇಳಿದ್ದು. ಒಂದೇ ಹೇಳಿ."

ಮುನಿರತ್ನಮ್ಮ ಕರವಸ್ತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಭಾನುಪ್ರಿಯಾಳನ್ನು ಕೆಲಸದಿಂದ ತೆಗೆಯಲೆಂದು ಗೋವಿಂದರಾಜು ತಮ್ಮ ಕೋಣೆಯಲ್ಲಿ ಸಭೆ ಕರೆದಿದ್ದರು. ಸುನಿಲ್‌ಕುಮಾರ್, ಯಶಸ್ವಿನಿ ಸಾಕ್ಷಿಗಳಾಗಿ ಬಂದರು. ಕೆಂಪರಾಜು ಬಾಗಿಲ ಬಳಿ ನಿಂತ. ಮುನಿರತ್ನಮ್ಮ ಕುಂಕುಮವಿದ್ದ ಯಂತ್ರವನ್ನು ತಂದು ಮೇಜಿನ ಮೇಲಿಟ್ಟರು.

"ಸಾಕ್ಷಿಗಳಲ್ಲಿ ಯಾರೂ ಸುಳ್ಳು ಹೇಳಿಲ್ಲ. ನನ್ನನ್ನ ಗೊಂದಲಕ್ಕೆ ಹಾಕಿದ್ದು ಅದೇ," ಎಂದು ಅವರು ಶುರು ಮಾಡಿದರು. "ಸುನಿಲ್ ಯಂತ್ರ ನೋಡಿದ್ದು ನಿಜ. ಯಶಸ್ವಿನಿ ನೋಡಿದ್ದೂ ನಿಜ. ಇಬ್ಬರೂ ಹಿಡಿ ಮೇಲೆ ಕೆಂಪು ನೋಡಿದಾರೆ. ಆ ಕುಂಕುಮ ಭಾನು ಕೈಯಾರೆ ಇಟ್ಟಿದ್ದು, ಒಂದೇ ಒಂದು ಯಂತ್ರಕ್ಕೆ. ಅಂದ್ಮೇಲೆ ಇಬ್ಬರೂ ನೋಡಿದ್ದು ಇದನ್ನೇ. ಆವತ್ತು ಈ ಕ್ಯಾಂಪಸ್ಸಿನಲ್ಲಿ ಇದ್ದದ್ದು ಮೂರಲ್ಲ, ಒಂದು. ಬಿಳಿ ಹಿಡಿಯ ಎರಡು ಬಂದದ್ದು ಅರ್ಪಿತ ಹೋದ ಮೇಲೆ."

ಉಳಿದದ್ದನ್ನು ಅವರು ದನಿ ಏರಿಸದೆ ಬಿಡಿಸಿಟ್ಟರು. ಸಮಿತಿ ಕ್ರೀಡಾಂಗಣ ನೋಡಿ ಚಹಾಕ್ಕೆ ಮಹಡಿ ಹತ್ತಿದಾಗ ಗೂಡಿನ ಬಳಿ ಉಳಿದವರು ಬೀಗದ ಕೈ ಇದ್ದ ಕುಲಸಚಿವರೊಬ್ಬರೇ. ಯಂತ್ರ ಅಲ್ಲಿಂದ ಗ್ರಂಥಾಲಯಕ್ಕೆ, ಅಲ್ಲಿಂದ ಆಡಳಿತ ಕಟ್ಟಡಕ್ಕೆ, ಪ್ರತಿ ಸಲವೂ ಸಮಿತಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಸಮಿತಿ ಗ್ರಂಥಾಲಯದಲ್ಲಿ ಇದನ್ನು ಮೆಚ್ಚುತ್ತಿದ್ದಾಗ, ಇದು ಇರಬೇಕಾಗಿದ್ದ ಜಾಗದಲ್ಲಿ ಅರ್ಪಿತ ಕುಸಿದಳು. ಬುಟ್ಟಿಯ ಮಾತು ಎತ್ತಲಿಲ್ಲ. ಕರವಸ್ತ್ರವನ್ನು ಹೊರಗೆ ತೆಗೆಯಲಿಲ್ಲ.

ಗೋವಿಂದರಾಜು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಇನ್ನೆರಡಕ್ಕೆ ಆರ್ಡರ್ ಹೋಗಿತ್ತು. ಬರೋದು ತಡವಾಯ್ತು. ಅರ್ಧ ದಿನದ ಮಾತು ಅಂದ್ಕೊಂಡೆ. ಎಲ್ಲರೂ ಮಾಡ್ತಾರೆ."

"ಯಾತರಲ್ಲಿ ಸಾಗಿಸಿದ್ರಿ ಸಾರ್?" ಕೆಂಪರಾಜು ಕೇಳಿದ.

ಭಾನುಪ್ರಿಯಾ ನೆಲ ನೋಡಿದಳು. ಕೆಂಪರಾಜು ಮೇಜಿನ ಹತ್ತಿರ ಬಂದು ಯಂತ್ರವನ್ನು ಹಿಡಿಯಿಂದ ಎತ್ತಿದ. ಬುಟ್ಟಿ ಎತ್ತುವವನ ಹಾಗೆ ಸೊಂಟದ ಮಟ್ಟಕ್ಕೆ ತಂದು, ಹಾಗೇ ಸ್ವಲ್ಪ ಹೊತ್ತು ತೂಗಿ ನೋಡಿದ. ಆಮೇಲೆ ಮಲಗಿದ ಕೂಸನ್ನು ಇಳಿಸುವ ಹಾಗೆ ಮೆಲ್ಲಗೆ ಇಳಿಸಿದ.

"ಕೈ ಬೀಸಿದ್ಲು," ಎಂದ. "ನನ್ನ ಸೀಟಿನ ಹಿಂದೇನೇ ಇತ್ತು."

ಭಾನುಪ್ರಿಯಾ ಎದ್ದು ಅವನ ತೋಳು ಹಿಡಿದಳು. ನಿಂಗೆ ಗೊತ್ತಿರಲಿಲ್ಲ ಕಣಪ್ಪಾ ಎಂದಳು. ಆ ಮಾತು ಅವನಿಗೆ ಮುಟ್ಟಿದಂತೆ ಕಾಣಲಿಲ್ಲ.

ಗೋವಿಂದರಾಜು ಎದ್ದು ಬಂದರು. ಅವರ ಮಾತಿನಲ್ಲಿ ನಿಜವಾಗಿಯೂ ಮರುಕವಿತ್ತು. ಭಾನುಪ್ರಿಯಾಳಿಗೆ ತಡೆದುಕೊಳ್ಳಲು ಆಗದಿದ್ದದ್ದು ಅದೇ. "ಕೆಂಪರಾಜು, ಇದು ಹೊರಗೆ ಹೋದ್ರೆ ನಿನ್ನ ಹೆಸರೂ ಬರತ್ತೆ. ಸ್ವಂತ ಮಗಳ ಜೀವ ಉಳಿಸ್ಬೇಕಿದ್ದ ಯಂತ್ರಾನ ಅಪ್ಪನೇ ಸಾಗಿಸ್ದ ಅಂತ ಊರೆಲ್ಲ ಮಾತಾಡತ್ತೆ. ಯಾಕಪ್ಪಾ ಅದೆಲ್ಲ? ಸಿಸ್ಟರ್ ಕೆಲಸಕ್ಕೆ ಏನೂ ಆಗಲ್ಲ. ಯಾರೋ ಕದ್ರು, ಸಿಗಲಿಲ್ಲ ಅಂತ ಮುಗಿಸ್ಬಿಡೋಣ. ಕ್ರೀಡಾಂಗಣಕ್ಕೆ ಅರ್ಪಿತ ಹೆಸರೇ ಇಡಿಸ್ತೀನಿ. ಬಾಗಿಲಲ್ಲೇ, ಕಲ್ಲಲ್ಲಿ ಕೆತ್ತಿಸ್ತೀನಿ."

ಮೇಲೆ ಇನ್ನೊಂದು ವಿಮಾನ ಹೋಯಿತು. ಕೆಂಪರಾಜು ಅದರ ಸದ್ದು ಪೂರ್ತಿ ಅಡಗುವವರೆಗೆ ಕಾದ. ಆಮೇಲೆ ಗಾಡಿಯ ಬೀಗದ ಕೈಯನ್ನು ಯಂತ್ರದ ಪಕ್ಕದಲ್ಲಿಟ್ಟ.

"ಬೇಡ ಸಾರ್," ಎಂದ. "ನನ್ನ ಹೆಸರು ಬರ್ಲಿ. ಅವಳ ಹೆಸರು ಬೇಡ."